ಕಾವೇರಿಗೆ ಏನಾಗಿತ್ತು?

ಶರಪಂಜರ ಎಂದರೆ ಬಾಣಗಳಿಂದ ಕಟ್ಟಿದ ಪಂಜರ. ಪದದ ಅರ್ಥ ಗೊತ್ತಿಲ್ಲದ ಮಕ್ಕಳಿಗೂ ಆ ಹೆಸರಿನ ಸಿನಿಮಾ ಗೊತ್ತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು 1971ರಲ್ಲಿ ತೆರೆಗೆ ತಂದ ಚಿತ್ರ ಅದು. ಟಿ.ವಿ.ಯಲ್ಲಿ ಅದು ಬಂದ ದಿನ ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಬಯಲುಸೀಮೆಯ ಹೋಬಳಿ ಊರಿನಲ್ಲೂ ಅಜ್ಜಿ, ಮಗಳು, ಮೊಮ್ಮಗಳು ಒಟ್ಟಿಗೆ ಕೂತು ನೋಡುತ್ತಾರೆ. ನೋಡಿ ಮುಗಿದ ಮೇಲೆ ಸುಮ್ಮನೆ ಎದ್ದು ಹೋಗುವವರು ಕಡಿಮೆ. ಪ್ರತಿಯೊಬ್ಬರಿಗೂ ಕಾವೇರಿಯ ಬಗ್ಗೆ ಒಂದು ಅಭಿಪ್ರಾಯ ಇದ್ದೇ ಇರುತ್ತದೆ.

ಕಥೆ ನೆನಪಿಲ್ಲದವರಿಗಾಗಿ ನಾಲ್ಕು ಮಾತು. ಕಾವೇರಿ ಓದಿದ ಹೆಣ್ಣುಮಗಳು. ಸತೀಶನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಸಂಸಾರ ಚೆನ್ನಾಗಿಯೇ ಸಾಗುತ್ತದೆ. ಎರಡನೆಯ ಹೆರಿಗೆಯ ನಂತರ ಆಕೆಯ ಮನಸ್ಸು ಕೆಡುತ್ತದೆ. ಮದುವೆಗೆ ಮುಂಚಿನ ಒಂದು ಘಟನೆ, ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದು, ಕಾಯಿಲೆಯ ಹೊತ್ತಿನಲ್ಲಿ ಬಾಯಿಗೆ ಬರುತ್ತದೆ. ಆಸ್ಪತ್ರೆಗೆ ಸೇರಿ, ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆ ಮೊದಲಿನಂತಿಲ್ಲ. ಗಂಡನಿಗೆ ಇನ್ನೊಬ್ಬಳ ಸಹವಾಸ. ನೆರೆಹೊರೆಯವರಿಗೆ, ನೆಂಟರಿಗೆ ಇವಳು ಹುಚ್ಚಿ. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ಕಲ್ಪನಾ ಕಾವೇರಿಯಾಗಿ, ಗಂಗಾಧರ್ ಸತೀಶನಾಗಿ ನಟಿಸಿದ್ದಾರೆ. ಚಿತ್ರಕ್ಕೆ ಕೇಂದ್ರ ಸರ್ಕಾರದ ಶ್ರೇಷ್ಠ ಕನ್ನಡ ಚಿತ್ರ ಪ್ರಶಸ್ತಿಯೂ ಬಂತು.

ಇನ್ನು ಅಭಿಪ್ರಾಯಗಳ ವಿಷಯ. ಮೊದಲ ಬಾರಿಗೆ ನೋಡಿದ ತಲೆಮಾರಿನವರನ್ನು ಕೇಳಿದರೆ ಮೊದಲು ಬರುವ ಮಾತು ಸೀರೆಯದು, ಬಣ್ಣದ್ದು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಅದಾಗಿ ಏಳು ವರ್ಷ ಕಳೆದರೂ ಕನ್ನಡದಲ್ಲಿ ಬಣ್ಣದ ಚಿತ್ರಗಳು ವಿರಳವಾಗಿದ್ದವು. ಕಪ್ಪು ಬಿಳುಪನ್ನೇ ನೋಡಿದ್ದ ಕಣ್ಣಿಗೆ ಕೊಡಗಿನ ಹಸಿರು, ಬಿಳಿಗಿರಿರಂಗನ ಬೆಟ್ಟ, ಕಲ್ಪನಾ ಉಟ್ಟ ಬಗೆಬಗೆಯ ಸೀರೆ, ಉದ್ದ ತೋಳಿನ ರವಿಕೆ, ದೊಡ್ಡ ತುರುಬು ಒಟ್ಟಿಗೆ ಎದುರಾದರೆ ಯಾರು ತಾನೇ ಮರೆತಾರು? ಹಳ್ಳಿಗಳಿಗೆ ಸಿನಿಮಾ ಟೆಂಟಿನಲ್ಲಿ ಬರುತ್ತಿತ್ತು. ಇಲ್ಲವೇ ಜನರೇ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುತ್ತಿದ್ದರು. ಹಾಗೆ ಹೋಗಿ ಬಂದವರು ಸೀರೆಯ ಮಾತಾಡದೆ ಇನ್ನೇನು ಮಾತಾಡಬೇಕಿತ್ತು?

ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಆ ಕಾಲದ ಬಣ್ಣದ ಫಿಲ್ಮಿನಲ್ಲಿ ಒಂದರ ಮೇಲೊಂದು ಮೂರು ಬಣ್ಣದ ಪದರಗಳು: ಹಳದಿ, ಕಡುಗುಲಾಬಿ, ತಿಳಿನೀಲಿ. ಇವು ರಾಸಾಯನಿಕ ವರ್ಣಗಳು. ವರ್ಷ ಕಳೆದಂತೆ, ಅದರಲ್ಲೂ ಸೆಕೆ ಮತ್ತು ತೇವ ಇರುವ ಕಡೆ, ಇವು ಒಡೆದು ಮಾಸುತ್ತವೆ. ಸಾಮಾನ್ಯವಾಗಿ ತಿಳಿನೀಲಿಯೇ ಮೊದಲು ಹೋಗುತ್ತದೆ. ಆದ್ದರಿಂದಲೇ ಹಳೆಯ ಪ್ರಿಂಟುಗಳಲ್ಲಿ ಆಕಾಶ, ಮರ, ಮುಖ ಎಲ್ಲವೂ ಕೆಂಪಡರಿದಂತೆ ಕಾಣುವುದು. ಕಪ್ಪು ಬಿಳುಪಿನ ಚಿತ್ರದಲ್ಲಿ ಇರುವುದು ಬೆಳ್ಳಿಯ ಕಣ. ಸರಿಯಾಗಿ ಕಾಪಾಡಿದರೆ ಅದು ಇವಕ್ಕಿಂತ ಬಹಳ ಕಾಲ ನಿಲ್ಲುತ್ತದೆ.

ಸೀರೆಯ ಮಾತು ಮುಗಿದ ಮೇಲೆ ಬರುವುದು ನ್ಯಾಯ ತೀರ್ಮಾನ. ಇಲ್ಲಿ ಪ್ರೇಕ್ಷಕರು ಎರಡು ಪಂಗಡ. "ಗಂಡ ನೆಟ್ಟಗಿದ್ದಿದ್ರೆ ಅವಳಿಗ್ಯಾಕೆ ಹಂಗಾಗ್ತಿತ್ತು?" ಎನ್ನುವುದು ಒಂದು. "ಅವಳೂ ಸಾಚಾ ಅಲ್ಲ ಬಿಡಿ, ಮದುವೆಗೆ ಮುಂಚೆ ಮಾಡಿದ್ದೇ ತಿರುಗಿಕೊಳ್ತು" ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೆಚ್ಚಾಗಿ ಹೆಂಗಸರೂ ಎರಡನೆಯದನ್ನು ಗಂಡಸರೂ ಹೇಳುತ್ತಾರೆ ಎಂದುಕೊಂಡರೆ ಅದು ತಪ್ಪು. ಎರಡನೆಯ ಮಾತನ್ನು ಕಣ್ಣೊರೆಸಿಕೊಳ್ಳುತ್ತಲೇ ಹೇಳುವ ಅಜ್ಜಿಯರೂ ಇದ್ದಾರೆ. ಎರಡು ಪಂಗಡದವರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತ: ಹುಚ್ಚು ಯಾರದೋ ತಪ್ಪಿನಿಂದ ಬಂತು. ಯಾರ ತಪ್ಪು ಎಂಬುದಷ್ಟೇ ಜಗಳ.

ಯಾರದೂ ತಪ್ಪಿಲ್ಲದೆಯೂ ಬರುವ ಕಾಯಿಲೆ ಅದು ಎಂದು ಹೇಳುವವರೇ ಸಿಗುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಹಿಂದಿನಿಂದಲೂ ಹೆಸರಿದೆ, ಬಾಣಂತಿ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರು ತಾಯಂದಿರಿಗೆ ಇದು ಬರುತ್ತದೆ. ಹೆಚ್ಚಾಗಿ ಹೆರಿಗೆಯಾದ ಮೊದಲ ಎರಡು ವಾರದೊಳಗೆ, ಎಷ್ಟೋ ಬಾರಿ ಮೊದಲ ಮೂರು ನಾಲ್ಕು ದಿನಗಳಲ್ಲೇ ಶುರುವಾಗುತ್ತದೆ. ಮೊದಲ ಲಕ್ಷಣ ಸಾಮಾನ್ಯವಾಗಿ ನಿದ್ದೆ ಬಾರದಿರುವುದು. ಕೂಸು ಮಲಗಿದ್ದರೂ ತಾಯಿಗೆ ನಿದ್ದೆಯಿಲ್ಲ. ಆಮೇಲೆ ಅತಿಯಾದ ಮಾತು ಇಲ್ಲವೇ ಪೂರ್ತಿ ಮೌನ, ಇಲ್ಲದ ಧ್ವನಿ ಕೇಳಿಸುವುದು, ಮಗು ತನ್ನದಲ್ಲ ಎನ್ನುವುದು, ಯಾರೋ ವಿಷ ಹಾಕುತ್ತಿದ್ದಾರೆಂಬ ಭಯ. ಬೆಳಿಗ್ಗೆ ಸರಿಯಿದ್ದವಳು ಮಧ್ಯಾಹ್ನಕ್ಕೆ ಗುರುತೇ ಸಿಗದಂತೆ ಆಗಬಹುದು. ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ ಇರುವುದರಿಂದ ವೈದ್ಯರು ಇದನ್ನು ತುರ್ತು ಚಿಕಿತ್ಸೆಯ ಸ್ಥಿತಿ ಎಂದೇ ಪರಿಗಣಿಸುತ್ತಾರೆ.

ಕಾರಣ? ಬಸುರಿನಲ್ಲಿ ಏರಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಥಟ್ಟನೆ ಇಳಿಯುತ್ತವೆ. ಈ ಇಳಿತ ಎಲ್ಲ ತಾಯಂದಿರಲ್ಲೂ ಆಗುತ್ತದೆ. ಕೆಲವರ ಮೆದುಳು ಮಾತ್ರ ಅದಕ್ಕೆ ಬೇರೆ ರೀತಿ ಸ್ಪಂದಿಸುತ್ತದೆ. ಮನಸ್ಸು ಒಮ್ಮೆ ಉಬ್ಬುವ, ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆ ಇದ್ದವರಲ್ಲಿ, ಅಂಥವರು ರಕ್ತಸಂಬಂಧಿಗಳಲ್ಲಿ ಇದ್ದವರಲ್ಲಿ ಸಾಧ್ಯತೆ ಹೆಚ್ಚು. ಒಂದು ಹೆರಿಗೆಯಲ್ಲಿ ಬಂದಿದ್ದರೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವವೂ ಸಾಕಷ್ಟಿದೆ. ಆದ್ದರಿಂದ ಬಸುರಿಯಾದಾಗಲೇ ವೈದ್ಯರಿಗೆ ತಿಳಿಸಬೇಕು. ಈ ಪಟ್ಟಿಯಲ್ಲಿ ಎಲ್ಲಿಯೂ ಮದುವೆಗೆ ಮುಂಚಿನ ಪ್ರೇಮ ಇಲ್ಲ, ಪಾಪ ಇಲ್ಲ, ಗಾಳಿ ಸೋಕಿದ್ದೂ ಇಲ್ಲ.

ಹಾಗೆ ನೋಡಿದರೆ ಪುಟ್ಟಣ್ಣನವರ ಚಿತ್ರವೂ ಇಲ್ಲಿ ಸ್ವಲ್ಪ ಎಡವಿದೆ ಎನ್ನಬೇಕು. ಒಳಗೆ ಅದುಮಿಟ್ಟ ಗುಟ್ಟೇ ಕಾಯಿಲೆಯಾಗಿ ಹೊರಬಂತು ಎಂಬ ಭಾವನೆ ನೋಡುವವರಲ್ಲಿ ಮೂಡುತ್ತದೆ. ಆ ಕಾಲದ ಮನಃಶಾಸ್ತ್ರವೂ ಬಹುಮಟ್ಟಿಗೆ ಅದೇ ದಾರಿಯಲ್ಲಿತ್ತು. ತ್ರಿವೇಣಿಯವರು, ಅಂದರೆ ಅನಸೂಯಾ ಶಂಕರ್, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರವನ್ನೇ ಓದಿದವರು. ಮನೋರೋಗಿಯನ್ನು ನಗೆಪಾಟಲಿನ ಪಾತ್ರವಾಗಿ ಅಲ್ಲದೆ ಮನುಷ್ಯಳಾಗಿ ಕನ್ನಡ ಕಾದಂಬರಿಗೆ ತಂದವರಲ್ಲಿ ಅವರು ಮೊದಲಿಗರ ಸಾಲಿನವರು. 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತಮ್ಮ ಕಾವೇರಿಯನ್ನು ತೆರೆಯ ಮೇಲೆ ಅವರು ನೋಡಲಿಲ್ಲ.

ಕಾರಣದ ವಿಷಯದಲ್ಲಿ ಎಡವಿದರೂ ಪರಿಣಾಮದ ವಿಷಯದಲ್ಲಿ ಚಿತ್ರ ಒಂದಿಷ್ಟೂ ತಪ್ಪಿಲ್ಲ. ಕಾವೇರಿ ಆಸ್ಪತ್ರೆಯಿಂದ ಬಂದ ಮೇಲಿನ ಭಾಗವನ್ನು ಇನ್ನೊಮ್ಮೆ ಗಮನವಿಟ್ಟು ನೋಡಬೇಕು. ವೈದ್ಯರು ಗುಣವಾಗಿದೆ ಎಂದು ಕಳಿಸಿದ್ದಾರೆ. ಆದರೆ ಅವಳು ನಕ್ಕರೂ ಜನ ಮುಖ ಮುಖ ನೋಡಿಕೊಳ್ಳುತ್ತಾರೆ, ಸಿಟ್ಟು ಮಾಡಿಕೊಂಡರೂ ನೋಡಿಕೊಳ್ಳುತ್ತಾರೆ. ಗಂಡ ದಾರಿ ತಪ್ಪಿದಾಗ ಯಾವ ಹೆಂಡತಿಗಾದರೂ ಸಿಟ್ಟು ಬಂದೀತು. ಕಾವೇರಿಗೆ ಬಂದರೆ ಅದು ಕಾಯಿಲೆ! ಅಂಥ ಹೆಣ್ಣಿಗೆ ಸಿಟ್ಟಾಗುವ ಹಕ್ಕೂ ಉಳಿಯುವುದಿಲ್ಲ. ಹೆಸರಿನಲ್ಲಿರುವ ಬಾಣಗಳು ಇವೇ, ಸುತ್ತಲಿನವರ ನೋಟ ಮತ್ತು ಮಾತು. ಸಿನಿಮಾ ಮುಗಿದ ಮೇಲೆ ಜಗಲಿಯಲ್ಲಿ ಕೂತು "ಅವಳೂ ಸಾಚಾ ಅಲ್ಲ" ಎನ್ನುವ ಪ್ರೇಕ್ಷಕ ತನಗೆ ಗೊತ್ತಿಲ್ಲದೆಯೇ ಆ ನೆರೆಹೊರೆಯ ಪಾತ್ರಗಳಲ್ಲಿ ಒಬ್ಬನಾಗಿಬಿಡುತ್ತಾನೆ.

ಯೂರೋಪಿನಲ್ಲೂ ಇಂಥದೊಂದು ಸಿನಿಮಾ ಇದೆ. ಮ್ಯಾಕ್ಸ್ ಓಫುಲ್ಸ್ ಎಂಬ ನಿರ್ದೇಶಕರು 1955ರಲ್ಲಿ ತೆಗೆದ 'ಲೋಲಾ ಮಾಂಟೆಸ್'. ಅದೂ ಬಣ್ಣ, ವೈಭವ, ವೇಷಭೂಷಣಗಳಿಂದ ತುಂಬಿದ ಚಿತ್ರ; ಅದೂ ಊರ ಬಾಯಿಗೆ ಸಿಕ್ಕ ಹೆಣ್ಣಿನ ಕಥೆ. ಲೋಲಾ ನಿಜವಾಗಿ ಇದ್ದವಳು. ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ಭಾರತದಲ್ಲಿ ಬೆಳೆದು, ನರ್ತಕಿಯಾಗಿ, ಬವೇರಿಯಾದ ದೊರೆ ಒಂದನೆಯ ಲುಡ್ವಿಗ್‌ನ ಪ್ರೇಯಸಿಯಾದವಳು. ಆತ 1848ರಲ್ಲಿ ಸಿಂಹಾಸನ ಬಿಡಬೇಕಾಯಿತು. ಸಿನಿಮಾದಲ್ಲಿ ಅವಳನ್ನು ಒಂದು ಸರ್ಕಸ್ಸಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಜನ ದುಡ್ಡು ಕೊಟ್ಟು ಅವಳ ಹಿಂದಿನ ಬದುಕಿನ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಕೊನೆಯಲ್ಲಿ ಅವಳು ಪಂಜರದಲ್ಲಿ ಕೂತಿದ್ದಾಳೆ. ಒಂದು ಡಾಲರ್ ತೆತ್ತು ಅವಳ ಕೈ ಮುಟ್ಟಲು ಗಂಡಸರು ಸಾಲುಗಟ್ಟಿದ್ದಾರೆ. ಅಲ್ಲಿಯೂ ಪಂಜರವೇ! ಪ್ಯಾರಿಸ್ಸಿನ ಪ್ರೇಕ್ಷಕರಿಗೆ ಚಿತ್ರ ರುಚಿಸಲಿಲ್ಲ. ರಸಭರಿತ ಕಥೆ ಸಿಗುತ್ತದೆಂದು ಬಂದವರಿಗೆ ತಾವೇ ಆ ಸರ್ಕಸ್ಸಿನ ಜನರಂತೆ ಕಂಡಿರಬೇಕು. ನಿರ್ಮಾಪಕರು ಚಿತ್ರವನ್ನು ಕತ್ತರಿಸಿ ಮರುಜೋಡಿಸಿದರು. ಓಫುಲ್ಸ್ 1957ರಲ್ಲಿ ತೀರಿಕೊಂಡರು. ಮಾಸಿದ ಬಣ್ಣವನ್ನೂ ಕತ್ತರಿಸಿದ ಭಾಗಗಳನ್ನೂ ಸರಿಪಡಿಸಿ ಚಿತ್ರವನ್ನು ಮತ್ತೆ ತೋರಿಸಿದ್ದು 2008ರಲ್ಲಿ.

ಕಾವೇರಿಯ ಅದೃಷ್ಟಕ್ಕೆ ನಮ್ಮ ಜನ ಅವಳನ್ನು ತಿರಸ್ಕರಿಸಲಿಲ್ಲ. ತಿಂಗಳುಗಟ್ಟಲೆ ನೋಡಿದರು, ಅತ್ತರು. ಆದರೆ ಥಿಯೇಟರಿನಲ್ಲಿ ಅತ್ತ ಕಣ್ಣೀರು ಊರಿಗೆ ಬರುವಷ್ಟರಲ್ಲಿ ಆರಿಹೋಗುತ್ತದೆ. ತಮ್ಮದೇ ಬೀದಿಯಲ್ಲಿ ಒಬ್ಬ ಬಾಣಂತಿ ರಾತ್ರಿಯಿಡೀ ಒಬ್ಬಳೇ ಮಾತಾಡತೊಡಗಿದರೆ ಬಾಗಿಲು ಮುಚ್ಚುತ್ತಾರೆ. ಮೊದಲು ಯಂತ್ರ, ಆಮೇಲೆ ಹರಕೆ, ಆಮೇಲೆ ತವರಿಗೆ ಕಳಿಸುವುದು. ಆಸ್ಪತ್ರೆ ಎಲ್ಲಕ್ಕಿಂತ ಕೊನೆಗೆ. ಹೊರಗೆ ಗೊತ್ತಾದರೆ ನಾದಿನಿಯ ಮದುವೆಗೆ ಅಡ್ಡಿಯಾದೀತೆಂಬ ಭಯ ಬೇರೆ. ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆಸ್ಪತ್ರೆಗೆ ಹೊರಟ ಗಾಡಿಯಲ್ಲಿ ಕೂತುಕೊಂಡೇ ಹೊರಬಹುದು.

ತಂದೆ ತಾಯಂದಿರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಬಾಣಂತಿಯ ಬಡಬಡಿಕೆಯೆಲ್ಲ ಮನೋರೋಗವೇ ಆಗಬೇಕಿಲ್ಲ. ಜ್ವರವಿದ್ದರೆ ಗರ್ಭಕೋಶದ ಸೋಂಕು ರಕ್ತಕ್ಕೇರಿರಬಹುದು. ಹಿಂದೆ ಅದನ್ನೂ ಸನ್ನಿ ಎಂದೇ ಕರೆಯುತ್ತಿದ್ದರು. ವಿಪರೀತ ತಲೆನೋವು, ಫಿಟ್ಸ್, ಕೈಕಾಲಿನಲ್ಲಿ ಸ್ವಾಧೀನ ತಪ್ಪುವುದು ಕಂಡರೆ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ಬಸುರು, ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ "ಬಾಣಂತಿ ನೀರು ಕುಡಿಯಬಾರದು" ಎಂಬ ಪದ್ಧತಿ ಸೇರಿದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿ ಅಪಾಯ ಹೆಚ್ಚುತ್ತದೆ. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು. ಈ ಒಂದು ಪದ್ಧತಿಯನ್ನು ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು.

ಚಿಕಿತ್ಸೆಯ ವಿಷಯಕ್ಕೆ ಬಂದರೆ 1971ರ ಕಾವೇರಿಗಿಂತ ಇಂದಿನ ತಾಯಿಯ ಸ್ಥಿತಿ ಎಷ್ಟೋ ವಾಸಿ. ಮನೋರೋಗಕ್ಕೆ ಮೊದಲ ಪರಿಣಾಮಕಾರಿ ಮಾತ್ರೆಗಳು ಬಂದದ್ದೇ 1950ರ ದಶಕದಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಆ ಹೆಸರಿನಲ್ಲಿ ಆರಂಭವಾದದ್ದು 1974ರ ಡಿಸೆಂಬರಿನಲ್ಲಿ, ಸಿನಿಮಾ ಬಂದು ಮೂರು ವರ್ಷದ ಮೇಲೆ. ಈಗ ಜಿಲ್ಲಾ ಆಸ್ಪತ್ರೆಗಳಲ್ಲೇ ಮನೋವೈದ್ಯರಿದ್ದಾರೆ. ಊರಿನ ಆಶಾ ಕಾರ್ಯಕರ್ತೆ ಬಾಣಂತಿಯನ್ನು ನೋಡಲು ಮನೆಗೇ ಬರುತ್ತಾರೆ. ನಿದ್ದೆಯಿಲ್ಲದ ಸಂಗತಿಯನ್ನು ಅವರ ಹತ್ತಿರ ಮುಚ್ಚಿಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಪೂರ್ತಿ ಗುಣವಾಗುತ್ತಾರೆ. ಹೆಚ್ಚಿನವರಿಗೆ ಇದು ವಾರಗಳ, ತಿಂಗಳುಗಳ ಮಾತು. ಮನೆಗೆ ಬಂದ ಮೇಲೆ ಮಾತ್ರೆ ತಪ್ಪಿಸದಿರುವುದು ಮತ್ತು ರಾತ್ರಿ ಮಗುವನ್ನು ಬೇರೆಯವರು ಎತ್ತಿಕೊಂಡು ತಾಯಿಗೆ ನಿದ್ದೆ ಮಾಡಗೊಡುವುದು ಮನೆಯವರ ಕೈಯಲ್ಲಿದೆ.

ಸಿನಿಮಾ ನೋಡಿದ ಶಾಲಾ ಹುಡುಗಿಯರು ದೊಡ್ಡವರಂತೆ ತೀರ್ಪು ಕೊಡಲು ಹೋಗುವುದಿಲ್ಲ. ಅವರದು ಬೇರೆಯೇ ಪ್ರಶ್ನೆ: ಕಾವೇರಿ ಮೊದಲ ಸಲ ಆಸ್ಪತ್ರೆ ಸೇರಿದಾಗ ಆ ಕೂಸಿಗೆ ಹಾಲು ಕೊಟ್ಟವರು ಯಾರು? ದೊಡ್ಡವರು ಯಾರೂ ಕೇಳದ ಪ್ರಶ್ನೆ ಇದು. ಅಂದಿನ ಆಸ್ಪತ್ರೆಗಳಲ್ಲಿ ತಾಯಿಯೊಂದು ಕಡೆ, ಮಗುವೊಂದು ಕಡೆ. 2009ರಲ್ಲಿ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವಿಗೆಂದೇ ಒಂದು ವಾರ್ಡು ತೆರೆಯಿತು. ಭಾರತದಲ್ಲಿ ಆ ಬಗೆಯ ಮೊದಲನೆಯದು. ಅಲ್ಲಿ ಕೂಸು ತಾಯಿಯ ಜೊತೆಗೇ ಇರುತ್ತದೆ. ಮನೆಯ ಹೆಂಗಸೊಬ್ಬರು ಜೊತೆಗಿದ್ದು ನೋಡಿಕೊಳ್ಳುತ್ತಾರೆ, ತಾಯಿ ಚೇತರಿಸಿಕೊಂಡಂತೆ ಮಗುವನ್ನು ಮತ್ತೆ ಅವಳ ಮಡಿಲಿಗೆ ಹಾಕುತ್ತಾರೆ.