‘ತಂದೆ’ ಕೆಟ್ಟಿದ್ದು ಹೇಗೆ?

ಶಾಲೆಗೆ ಕೊಡಬೇಕಾದ ವಿದ್ಯಾರ್ಥಿಗಳ ಪಟ್ಟಿಯನ್ನು ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಲು ಕೂತವರು ಕೆಲವೊಮ್ಮೆ ಬೆಚ್ಚಿಬೀಳುವುದುಂಟು. ವರ್ಡ್‌ನ ಕೋಷ್ಟಕದಲ್ಲಿ ‘ತಂದೆಯ ಹೆಸರು’ ಎಂದು ಹೊಡೆದು ಮುಂದೆ ಸರಿದೊಡನೆ ‘ತ’ ಮಾಯವಾಗಿ ಅಲ್ಲಿ ‘ಗಿ’ ಬಂದು ಕುಳಿತಿರುತ್ತದೆ. ರಮೇಶ, ರಾಜು, ರೇಖಾ ಎಲ್ಲರ ಹೆಸರಿನ ಮೊದಲಲ್ಲೂ ‘ಉ’! ಅಳಿಸಿ ಮತ್ತೆ ಹೊಡೆದರೆ ಮತ್ತೆ ಅದೇ. ಬೈಗುಳ ಮಾತ್ರ ಡಿ.ಟಿ.ಪಿ. ಅಂಗಡಿಯ ಹುಡುಗನಿಗೆ.

ತಪ್ಪು ಅವನದಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗಿವೆ. ಚಿಕ್ಕ ‘ವಿ’ ಜಾಗದಲ್ಲಿ ‘ತ’, ದೊಡ್ಡ ‘ವಿ’ ಜಾಗದಲ್ಲಿ ‘ಗಿ’. ಚಿಕ್ಕ ‘ಜಿ’ಯಲ್ಲಿ ‘ರ’, ದೊಡ್ಡ ‘ಜಿ’ಯಲ್ಲಿ ‘ಉ’. ಓದುವವರಿಗೆ ಕನ್ನಡ ಕಂಡರೂ ವರ್ಡ್‌ಗೆ ಕಾಣುವುದು ಇಂಗ್ಲಿಷೇ. ಮೊದಲ ಅಕ್ಷರ ದೊಡ್ಡದಿರಬೇಕೆಂಬ ಇಂಗ್ಲಿಷಿನ ಕಟ್ಟಳೆಯನ್ನು, 1993ರ ವರ್ಡ್ 6ರಿಂದಲೂ ಇರುವ ಆಟೋಕರೆಕ್ಟ್ ಯಾರನ್ನೂ ಕೇಳದೆ ಜಾರಿ ಮಾಡುತ್ತದೆ. ಕನ್ನಡದಲ್ಲಿ ಆ ಭೇದವೇ ಇಲ್ಲವೆಂದು ಅದಕ್ಕೆ ಹೇಳುವವರು ಯಾರು?

ತಮಾಷೆಯೆಂದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ನಾಲ್ಕೂ ಪಾರು. ‘ಹ’, ‘ಸ’ ಇರುವುದು ದೊಡ್ಡ-ಚಿಕ್ಕ ಜೋಡಿಯಿಲ್ಲದ ಚಿಹ್ನೆಗಳ ಜಾಗದಲ್ಲಿ. ‘ಕ’ ಮೊದಲೇ ದೊಡ್ಡ ‘ಪಿ’. ಪಕ್ಕದಲ್ಲಿ ಹರಿಯುವ ತುಂಗಭದ್ರೆಗೆ ಮಾತ್ರ ಪೆಟ್ಟು.

ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಿದ್ಧಪಡಿಸುವವರು ಇನ್ನಷ್ಟು ಎಚ್ಚರದಿಂದಿರಬೇಕು. ಹೆಸರಿನ ಇನಿಷಿಯಲ್ಲಿನ ಚುಕ್ಕಿಯನ್ನೂ ವರ್ಡ್ ವಾಕ್ಯದ ಕೊನೆಯೆಂದು ತಿಳಿದು ಮುಂದಿನ ಅಕ್ಷರ ಕೆಡಿಸಬಹುದು. ಅಡಿಟಿಪ್ಪಣಿಯಲ್ಲಿ ಇಂಥದ್ದು ಬೇಗ ಕಣ್ಣಿಗೆ ಬೀಳದು.

ಅಕ್ಷರ ಬದಲಾದ ಕೂಡಲೇ ಕಂಟ್ರೋಲ್ ಮತ್ತು ಜೆಡ್ ಒಟ್ಟಿಗೆ ಒಮ್ಮೆ ಒತ್ತಿದರೆ ಹೊಡೆದದ್ದು ಉಳಿದು ವರ್ಡ್ ಮಾಡಿದ ತಿದ್ದುಪಡಿ ಹೋಗುತ್ತದೆ. ಕಾಟ ಪೂರ್ತಿ ತಪ್ಪಬೇಕಾದರೆ ಫೈಲ್, ಆಪ್ಷನ್ಸ್, ಪ್ರೂಫಿಂಗ್ ದಾಟಿ ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ, ‘ಕ್ಯಾಪಿಟಲೈಸ್’ ಎಂದು ಆರಂಭವಾಗುವ ಸಾಲುಗಳ ಗುರುತು ತೆಗೆಯಬೇಕು. ಮೊದಲೆರಡು ದೊಡ್ಡಕ್ಷರ ತಿದ್ದುವ ಸಾಲಿನದನ್ನೂ ತೆಗೆಯುವುದು ಮೇಲು. ಕೆಳಗಿನ ‘ರಿಪ್ಲೇಸ್ ಟೆಕ್ಸ್ಟ್’ ಗುರುತು ತೆಗೆದರೆ, ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಕಂಸದೊಳಗಿನ ‘ಸಿ’ ಕಾಪಿರೈಟ್ ಚಿಹ್ನೆಯಾಗುವುದೂ ನಿಲ್ಲುತ್ತದೆ. ‘1.’ ಹೊಡೆದೊಡನೆ ಸಾಲು ಒಳಸರಿದು ಪಟ್ಟಿಯಾಗುವುದನ್ನು ತಡೆಯುವ ಗುರುತು ಪಕ್ಕದ ‘ಆಟೋಫಾರ್ಮ್ಯಾಟ್ ಆಸ್ ಯು ಟೈಪ್’ ಪುಟದಲ್ಲಿದೆ.

ಆದರೆ ಆಗಲೇ ಕೆಟ್ಟಿರುವ ಅಕ್ಷರಗಳು ಇದರಿಂದ ಸರಿಹೋಗವು. ‘ಉ’ಗಳನ್ನೆಲ್ಲ ಒಂದೇ ಏಟಿಗೆ ‘ರ’ ಮಾಡಹೊರಟರೆ ಉಮಾ ರಮಾ ಆಗಿಬಿಟ್ಟಾಳು! ಮೂಲ ಪಟ್ಟಿಯನ್ನು ಮಗ್ಗುಲಲ್ಲಿಟ್ಟುಕೊಂಡು ಒಂದೊಂದಾಗಿ ನೋಡಬೇಕು. ಪಾಲಕರೊಬ್ಬರು ಗಟ್ಟಿಯಾಗಿ ಓದುತ್ತಾ ಹೋದರೆ ಕೆಲಸ ಬೇಗ ಸಾಗುತ್ತದೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗವಿರುವುದರಿಂದ ಅಲ್ಲಿ ದೊಡ್ಡಕ್ಷರದ ತೊಂದರೆಯಿಲ್ಲ. ಹಳೆಯ ಅಕ್ಷರಶೈಲಿಯಲ್ಲೇ ಕಡತ ಬೇಕೆಂದು ಮುದ್ರಕರು ಕೇಳಿದರೆ ಒಂದು ಸಂಗತಿ ನೆನಪಿರಲಿ: ಈ ಗುರುತುಗಳು ಆಯಾ ಗಣಕದಲ್ಲೇ ಉಳಿಯುತ್ತವೆ, ಕಡತದ ಜೊತೆ ಬರುವುದಿಲ್ಲ. ಸಂಡೂರಿನ ಮನೆಯಲ್ಲಿ ತೆಗೆದಿದ್ದರೂ, ಹೊಸಪೇಟೆಯ ಅಂಗಡಿಯಲ್ಲಿ ತಿದ್ದಲು ಕೂರುವ ಮುನ್ನ ಅಲ್ಲಿಯೂ ತೆಗೆಯಬೇಕು.