ಗೋಡೆ ಬೆಳಗಿದರೆ ಚಿತ್ರ ಮಾಯ



ಕಳೆದ ತಿಂಗಳು ನಮ್ಮ ಭಾಗದ ಒಂದು ಪ್ರೌಢಶಾಲೆಯವರು ‘ಸ್ಮಾರ್ಟ್ ಕ್ಲಾಸ್’ ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಹಾರ, ಶಾಲು, ಭಾಷಣಗಳು ಮುಗಿದ ಮೇಲೆ ಪ್ರೊಜೆಕ್ಟರ್ ಹಚ್ಚಿದರು. ಮುಂಜಾನೆ ಹನ್ನೊಂದರ ಹೊತ್ತು. ನಮ್ಮ ಮಹಾಲಿಂಗಪುರದ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಗೋಡೆಯ ಮೇಲೆ ಮನುಷ್ಯನ ಹೃದಯದ ಚಿತ್ರ ಮೂಡಿತು ಎಂದರು. ನನಗೆ ಕಂಡದ್ದು ಹತ್ತಾರು ಸಲ ಒಗೆದು ಬಣ್ಣ ಹೋದ ಸೀರೆಯಂಥ ಒಂದು ಮಸುಕು. ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಆ ಚಪ್ಪಾಳೆಗಾಗಿ ನಾಚಿಕೆಯಾಯಿತು. ಅದಕ್ಕೇ ಈ ಬರಹ.

ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕತ್ತಲೆಯನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪು ಇರಬೇಕಾದ ಕಡೆ ಅದು ಸುಮ್ಮನಿರುತ್ತದೆ, ಅಷ್ಟೆ. ಅಲ್ಲಿ ನಮಗೆ ಕಾಣುವುದು ಗೋಡೆಯ ಸ್ವಂತ ಬಣ್ಣ. ಗೋಡೆಗೆ ಕಿಟಕಿಯ ಬೆಳಕು ಬಿದ್ದಿದ್ದರೆ ಆ ‘ಕಪ್ಪು’ ಕೂಡ ಬೆಳ್ಳಗೇ ಇರುತ್ತದೆ. ಹಿಂದೆ ಜಾತ್ರೆಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನವರು ಹೊತ್ತು ಮುಳುಗುವವರೆಗೆ ಆಟ ಶುರು ಮಾಡುತ್ತಿರಲಿಲ್ಲ. ಅವರು ಬಿ.ಎಡ್. ಮಾಡಿದವರಲ್ಲ, ಆದರೆ ಈ ಸತ್ಯ ಅವರಿಗೆ ತಿಳಿದಿತ್ತು.

ಇದಕ್ಕೆ ಏಳನೆಯ ಇಯತ್ತೆಯ ಹುಡುಗನೂ ಮಾಡಬಹುದಾದ ಲೆಕ್ಕವೊಂದಿದೆ. ಪ್ರೊಜೆಕ್ಟರಿನ ಶಕ್ತಿ 3000 ಲ್ಯೂಮೆನ್, ಚಿತ್ರದ ಅಳತೆ 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ, ಅಂದರೆ 3 ಚದರ ಮೀಟರ್ ಎಂದಿಟ್ಟುಕೊಳ್ಳಿ. ಭಾಗಿಸಿದರೆ ಗೋಡೆಯ ಮೇಲೆ 1000 ಲಕ್ಸ್ ಬೆಳಕು. ಹೊರಗಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ ಇರುವಾಗ, ಕಿಟಕಿ ತೆರೆದ ಕೋಣೆಯ ಗೋಡೆಗೆ 500 ಲಕ್ಸ್ ಬೀಳುವುದು ಆಶ್ಚರ್ಯವೇನಲ್ಲ. ಈಗ ಚಿತ್ರದ ಬಿಳಿ ಭಾಗ 1000ಕ್ಕೆ 500 ಕೂಡಿ 1500. ಕಪ್ಪು ಭಾಗ 500. ಅನುಪಾತ 3ಕ್ಕೆ 1. ಅಮೆರಿಕದ ಇನ್ಫೋಕಾಮ್ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನದಂಡದಂತೆ ಸುಮ್ಮನೆ ನೋಡುವುದಕ್ಕೇ 7ಕ್ಕೆ 1 ಬೇಕು. ಓದಿ ವಿಚಾರ ಮಾಡುವುದಕ್ಕೆ 15ಕ್ಕೆ 1.

‘ಇನ್ನೂ ದೊಡ್ಡ ಪ್ರೊಜೆಕ್ಟರ್ ತಂದರಾಯಿತು’ ಎನ್ನುವವರಿದ್ದಾರೆ. ತರೋಣ. 6000 ಲ್ಯೂಮೆನ್‌ನದು ತಂದರೆ ಬಿಳಿ 2500, ಕಪ್ಪು 500, ಅನುಪಾತ 5. ಹಳೆಯ ಪ್ರೊಜೆಕ್ಟರನ್ನೇ ಇಟ್ಟುಕೊಂಡು, ಕಿಟಕಿಗೆ ದಪ್ಪ ಪರದೆ ಹಾಕಿ ಗೋಡೆಯ ಬೆಳಕನ್ನು 250 ಲಕ್ಸಿಗೆ ಇಳಿಸಿದರೆ ಬಿಳಿ 1250, ಕಪ್ಪು 250, ಆಗಲೂ 5! ಕೆಲವು ಗಜ ಬಟ್ಟೆ ಮಾಡುವ ಕೆಲಸಕ್ಕೆ ಎರಡರಷ್ಟು ಶಕ್ತಿಯ ಯಂತ್ರ ಕೊಳ್ಳುವುದು ಯಾವ ಜಾಣತನ? ಅದೇ ಬೆಳಕನ್ನು 70 ಲಕ್ಸಿಗೆ ತಂದರೆ ಅನುಪಾತ 15ನ್ನು ದಾಟುತ್ತದೆ.

ಹಾಗೆಂದು ಎಲ್ಲ ಕಿಟಕಿಗಳನ್ನೂ ಮುಚ್ಚಿ ಮಕ್ಕಳನ್ನು ಕತ್ತಲೆಯಲ್ಲಿ, ಸೆಕೆಯಲ್ಲಿ ಕೂಡಿಸಬೇಕೆಂದು ನಾನು ಹೇಳುತ್ತಿಲ್ಲ. ಅವರು ಪಟ್ಟಿಯಲ್ಲಿ ಬರೆದುಕೊಳ್ಳಬೇಕಲ್ಲ! ಗೋಡೆಯ ಹತ್ತಿರದ ಕಿಟಕಿಗೆ ಪರದೆ ಇರಲಿ, ಅಲ್ಲಿಯ ಟ್ಯೂಬ್‌ಲೈಟ್ ಆರಲಿ. ಹಿಂದಿನ ಕಿಟಕಿಗಳ ಬೆಳಕು ಬೆಂಚುಗಳ ಮೇಲೆ ಬೀಳಲಿ, ಗೋಡೆಗೆ ನೇರವಾಗಿ ಬಡಿಯದಿರಲಿ. ಬೆಳಕಿಗೆ ತಕ್ಕಂತೆ ಮಗ್ಗ ಹೂಡುವ ವಿದ್ಯೆ ರಬಕವಿ-ಬನಹಟ್ಟಿಯ ನೇಕಾರರಿಗೆ ಹೊಸದೇನಲ್ಲ. ಶಾಲೆಯ ಕೋಣೆ ಮಗ್ಗದ ಮನೆಗಿಂತ ಕಡಿಮೆಯೇ?

ಗಾಜಿನ ದೊಡ್ಡ ಟಿ.ವಿ.ಯಂಥ ಫಲಕ ತಂದವರೂ ಪಾರಾಗಲಿಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ಸಾಮಾನ್ಯ ಗಾಜಿನ ಮೇಲ್ಮೈ ಸುಮಾರು ಶೇಕಡಾ 4ರಷ್ಟನ್ನು ಮರಳಿ ಕಳಿಸುತ್ತದೆ. ಕಿಟಕಿಯಾಚೆಯ ಬೆಳ್ಳನೆಯ ಆಕಾಶದ ಪ್ರಭೆ ಚದರ ಮೀಟರಿಗೆ 5000 ಕ್ಯಾಂಡೆಲಾ ಎಂದರೆ, ಗಾಜಿನಲ್ಲಿ ಕಾಣುವ ಕಿಟಕಿಯ ಬಿಂಬ 200. ಫಲಕದ ಬಿಳುಪು 400 ಆದರೆ, ಬಿಂಬ ಬಿದ್ದ ಜಾಗದಲ್ಲಿ ಬಿಳಿ 600, ಕಪ್ಪು 200. ಮತ್ತೆ ಅದೇ 3ಕ್ಕೆ 1. ಒಂದು ವ್ಯತ್ಯಾಸವಿದೆ: ಪತನ ಕೋನ, ಪರಾವರ್ತನ ಕೋನ ಸಮ ಎಂದು ನಾನು ಕಲಿಸಿದ್ದು ನೆನಪಿದೆಯೇ? ಆ ಬಿಂಬ ಎಲ್ಲರಿಗೂ ಒಂದೇ ಜಾಗದಲ್ಲಿ ಕಾಣುವುದಿಲ್ಲ. ಮೂಲೆಯ ಬೆಂಚಿನ ನಾಲ್ಕು ಮಕ್ಕಳ ಪಾಠ ಅಳಿಸಿಹೋಗುತ್ತದೆ. ನಡುವೆ ನಿಂತ ಗುರುಗಳಿಗೆ ಎಲ್ಲವೂ ಸ್ವಚ್ಛವಾಗಿ ಕಾಣುತ್ತಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1988ರ ಸುಮಾರಿಗೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಕಿಟಕಿಯ ಎದುರು ಸಾಲಿನ ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದಳು. ಹಲಗೆಯ ಮೇಲಿನ ಸೂತ್ರ ಬರೆದುಕೊಳ್ಳುವಾಗ ವರ್ಗವನ್ನು ಸೂಚಿಸುವ ಪುಟ್ಟ 2ನ್ನು ಮತ್ತೆ ಮತ್ತೆ ಬಿಟ್ಟುಬಿಡುತ್ತಿದ್ದಳು. “ಬೋರ್ಡ್ ಮಿಂಚತೈತ್ರಿ ಸರ್, ಕಾಣಂಗಿಲ್ರಿ” ಎಂದಳು. ನೆಪ ಹೇಳುತ್ತಾಳೆಂದು ಎಲ್ಲರೆದುರು ಗದರಿಸಿದೆ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಕೆಲವು ವಾರಗಳ ನಂತರ, ಒಂದು ಮಧ್ಯಾಹ್ನ ಅದೇ ಬೆಂಚಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ತಲೆಯೆತ್ತಿ ನೋಡಿದೆ. ಸವೆದು ನುಣುಪಾಗಿದ್ದ ಕರಿಹಲಗೆಯ ಅರ್ಧಭಾಗ ಬೆಳ್ಳಿಯ ತಗಡಿನಂತೆ ಹೊಳೆಯುತ್ತಿತ್ತು. ಮರುದಿನ ಅವಳ ಜಾಗ ಬದಲಿಸಿದೆ. ತಪ್ಪು ನನ್ನದೆಂದು ಮಾತ್ರ ಹೇಳಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸ್ಮಾರ್ಟ್ ಕ್ಲಾಸ್ ಉದ್ಘಾಟನೆಗೆ ಬಂದವರು ವೇದಿಕೆಯಲ್ಲಿ ಅಲ್ಲ, ಮೂಲೆಯ ಕೊನೆಯ ಬೆಂಚಿನಲ್ಲಿ ಕುಳಿತು ನೋಡಲಿ. ಅದೂ ನಡುಹಗಲಿನಲ್ಲಿ, ಮಕ್ಕಳ ಎತ್ತರದಲ್ಲಿ. ಬೆಳಕು ಅಳೆಯುವ ಆ್ಯಪ್‌ಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಪ್ರೊಜೆಕ್ಟರ್ ಹಚ್ಚುವ ಮೊದಲು ಮೊಬೈಲನ್ನು ಗೋಡೆಗೆ ಆನಿಸಿ, ಅದರ ಮುಖ ಕೋಣೆಯ ಕಡೆಗಿಟ್ಟರೆ ಅಂದಾಜು ಲಕ್ಸ್ ತಿಳಿಯುತ್ತದೆ. ಮುಂದಿನದು ಒಂದು ಕೂಡಿಸುವ, ಒಂದು ಭಾಗಿಸುವ ಲೆಕ್ಕ. ಯಂತ್ರ ಕೊಳ್ಳುವ ಮೊದಲೇ ಅದನ್ನು ಮಾಡಬೇಕು. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು, ಶಾಲಾ ಸಮಿತಿಗಳಲ್ಲಿ ಇರುವವರು ಬಹಳ ಜನ ಇದ್ದೀರಿ. ನಾಳೆಯೇ ಅಳೆದು ನೋಡಿ. ಮಗು ‘ಕಾಣಂಗಿಲ್ರಿ’ ಎಂದಾಗ ಅದರ ಕಣ್ಣನ್ನೋ ಬುದ್ಧಿಯನ್ನೋ ಸಂಶಯಿಸುವ ಮೊದಲು ಅದರ ಜಾಗದಲ್ಲಿ ಒಮ್ಮೆ ಕುಳಿತುಕೊಳ್ಳಿ.

ಆ ಹುಡುಗಿ ಈಗ ಐವತ್ತರ ಆಸುಪಾಸಿನ ಗೃಹಸ್ಥೆಯಾಗಿರಬೇಕು. ಇದನ್ನು ಓದುತ್ತಿದ್ದರೆ, ತಂಗೀ, ಅಂದು ನೀನು ಹೇಳಿದ್ದು ನಿಜವಾಗಿತ್ತು.