ಸೋಗಿನ ಸಾಹೇಬರು

ಸೊಲ್ಲಾಪುರವೆಂದರೆ ಚಾದರ, ಟವೆಲ್ಲು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿಯ ಮಗ್ಗಗಳಿಂದ. ಅಂಥ ಕಾರಖಾನೆಯ ಬಾಗಿಲಿಗೆ ಇಸ್ತ್ರಿ ಅಂಗಿ ತೊಟ್ಟು, ಬಗಲಲ್ಲಿ ಫೈಲು ಹಿಡಿದ ಒಬ್ಬನು ಬಂದು 'ನಾನು ಸುರಕ್ಷತೆಯ ಇನ್ಸ್‌ಪೆಕ್ಟರ್' ಎಂದರೆ ಏನಾಗುತ್ತದೆ? ಕುರ್ಚಿ ಬರುತ್ತದೆ, ಚಹಾ ಬರುತ್ತದೆ, ಕಡೆಗೆ ಲಕೋಟೆಯೂ ಬರುತ್ತದೆ. 'ಗುರುತಿನ ಚೀಟಿ ತೋರಸ್ರಿ ಸಾಹೇಬ್ರ' ಎನ್ನುವ ಧೈರ್ಯ ಮಾತ್ರ ಬರುವುದಿಲ್ಲ.

ಸರಕಾರಿ ಅಧಿಕಾರಿಯ ಸೋಗನ್ನು ಕಾಯಿದೆ ಹಗುರಾಗಿ ಕಂಡಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 170ನೆಯ ಕಲಮಿನಲ್ಲಿ ಇದಕ್ಕೆ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಇದ್ದವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 204ನೆಯ ಕಲಮು ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಸೆರೆ ಮತ್ತು ದಂಡ ಎನ್ನುತ್ತದೆ. ಬರೀ ಸೋಗು ಹಾಕಿದರೆ ಸಾಲದು. ಆ ಅಧಿಕಾರದ ಹೆಸರಿನಲ್ಲಿ ಏನಾದರೂ ಮಾಡಿರಬೇಕು ಇಲ್ಲವೆ ಮಾಡಲು ಹೊರಟಿರಬೇಕು. ಆದ್ದರಿಂದ ಗ್ಯಾದರಿಂಗಿನ ನಾಟಕದಲ್ಲಿ ಇನ್ಸ್‌ಪೆಕ್ಟರನಾಗುವ ನಮ್ಮ ಹುಡುಗರು ಹೆದರಬೇಕಾಗಿಲ್ಲ!

ನಾಲ್ಕು ಕಾಸಿನ ಮೋಸಕ್ಕೆ ಇಷ್ಟು ಶಿಕ್ಷೆ ಏಕೆಂದು ಕೆಲವರು ಕೇಳಿಯಾರು. 2025ರ ಮೇ 18ರಂದು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಔದ್ಯೋಗಿಕ ವಸಾಹತಿನಲ್ಲಿ ಒಂದು ಟವೆಲ್ ಕಾರಖಾನೆಗೆ ಬೆಂಕಿ ಬಿದ್ದು 8 ಜನ ಸತ್ತರು, ಮಾಲೀಕರೂ ಅವರಲ್ಲಿದ್ದರು. ಅಲ್ಲಿಗೆ ಸೋಗಿನವರು ಬಂದಿದ್ದರೆಂದು ನಾವು ಹೇಳುತ್ತಿಲ್ಲ. ನೂಲು ತುಂಬಿದ ಜಾಗದಲ್ಲಿ ತಪಾಸಣೆ ಎಂದರೆ ಜೀವದ ಮಾತು ಎನ್ನುತ್ತಿದ್ದೇವೆ. ಹೊರಬಾಗಿಲು, ವಿದ್ಯುತ್ ತಂತಿ, ನೀರಿನ ಏರ್ಪಾಡು ಇವನ್ನು ಸೋಗಿನವನು ನೋಡುವುದೇ ಇಲ್ಲ. 'ಎಲ್ಲಾ ಸರಿ ಅದ' ಎಂದು ಹೋಗಿಬಿಡುತ್ತಾನೆ. ಮುಂದೆ ನಿಜವಾದ ಸಾಹೇಬರು ಬಂದಾಗಲೂ ಮಾಲೀಕನು ತಂತಿ ತೋರಿಸುವ ಬದಲು ಲಕೋಟೆ ಹುಡುಕುತ್ತಾನೆ.

1948ರ ಕಾರಖಾನೆ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಇನ್ಸ್‌ಪೆಕ್ಟರರ ಹೆಸರು, ವಿಳಾಸಗಳನ್ನು ಕಾರಖಾನೆಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಅದು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕು. ಅದನ್ನು ಓದಬಲ್ಲ ಒಬ್ಬ ಕೂಲಿಯಿದ್ದರೂ ಸೋಗು ಬಯಲಾದೀತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂದು, ಅಧಿಕಾರಿಯ ಹೆಸರು 'ಇನ್ಸ್‌ಪೆಕ್ಟರ್ ಕಂ ಫೆಸಿಲಿಟೇಟರ್' ಎಂದಾಗಿದೆ. ನಾಲಿಗೆಗೆ ತೊಡಕಾದ ಈ ಹೆಸರು ರೂಢಿಯಾಗುವವರೆಗೆ ಸೋಗಿನವರಿಗೆ ಸುಗ್ಗಿಯೇ ಎಂದು ನಮ್ಮ ಅನುಮಾನ.

ನಿಜವಾದ ಅಧಿಕಾರಿಗೆ ಅಡ್ಡಿ ಮಾಡುವುದು ಅಪರಾಧ, ಅದು ಸರಿ. ಆದರೆ ಗುರುತಿನ ಚೀಟಿ ಕೇಳುವುದು ಅಡ್ಡಿಯಲ್ಲ. ದುಡಿಯಲು ಹೋಗುವ ಪಾಲಕರು ಇದನ್ನು ತಮ್ಮ ಮಾಲೀಕರಿಗೆ ಹೇಳಬೇಕು. ಹಾಗೆಯೇ ಅಧಿಕಾರಿಯ ಹೆಸರನ್ನು ಮರಾಠಿಯ ಜೊತೆಗೆ ಕನ್ನಡ, ತೆಲುಗುಗಳಲ್ಲಿಯೂ ಗೋಡೆಗೆ ಬರೆಯಿಸಲು ಕೇಳಬೇಕು. ಅದಕ್ಕೆ ತಗಲುವ ಖರ್ಚು ಒಂದು ಡಬ್ಬಿ ಬಣ್ಣ.